ಬೆಚ್ಚನೆಯ ಗಾಳಿಯ ಹೆಸರು: ಫವೋನಿಯಸ್ ಪದದ ಎರಡು ಸಾವಿರ ವರ್ಷಗಳು

ಗಾಳಿಗೆ ಹೆಸರಿಡುವ ರೂಢಿ ಮುಖ್ಯವಾಗಿ ಎರಡು ಬಗೆಯದು. ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ ಎಂಬುದನ್ನು ಹಿಡಿದು ಇಟ್ಟ ಹೆಸರುಗಳು ಒಂದು ಬಗೆಯಾದರೆ, ಮೈಗೆ ಸೋಕಿದಾಗ ಅದು ಹೇಗೆನಿಸುತ್ತದೆ ಎಂಬುದರಿಂದ ಹುಟ್ಟಿದವು ಇನ್ನೊಂದು ಬಗೆ. ಕನ್ನಡದ ತೆಂಗಾಳಿ, ಪಡುಗಾಳಿಗಳು ಮೊದಲ ಸಾಲಿನವು, ತಂಗಾಳಿ, ಬಿಸಿಗಾಳಿ, ಕುಳಿರ್ಗಾಳಿಗಳು ಎರಡನೆಯ ಸಾಲಿನವು. ಪ್ರಾಚೀನ ರೋಮನರು ಪಡುವಣ ಗಾಳಿಗೆ ಇಟ್ಟುಕೊಂಡಿದ್ದ ‘ಫವೋನಿಯಸ್’ ಎಂಬ ಲ್ಯಾಟಿನ್ ಪದ ಈ ಎರಡೂ ಸಾಲುಗಳಲ್ಲಿ ಒಟ್ಟಿಗೆ ನಿಂತಿದ್ದ ಹೆಸರು. ನಾವಿಕರಿಗೂ ಭೂಗೋಳ ಬರೆಯುವವರಿಗೂ ಅದು ದಿಕ್ಕನ್ನು ತೋರಿಸುತ್ತಿತ್ತು. ಹೊಲದ ಒಕ್ಕಲಿಗನಿಗೆ ಅದು ಚಳಿ ಮುರಿಯುವ ಹೊತ್ತಿನ ಬೆಚ್ಚನೆಯ ಸೋಂಕನ್ನು ಸೂಚಿಸುತ್ತಿತ್ತು. ರೋಮ್ ಸಾಮ್ರಾಜ್ಯ ಅಳಿದ ಮೇಲೆ ಇವೆರಡರಲ್ಲಿ ನಾವಿಕರ ಅರ್ಥ ಪುಸ್ತಕದ ಪುಟಗಳಲ್ಲಿ ಉಳಿದುಕೊಂಡಿತು, ಒಕ್ಕಲಿಗನ ಅರ್ಥ ಆಲ್ಪ್ಸ್ ಪರ್ವತದ ಕಣಿವೆಗಳಲ್ಲಿ ಬಾಯಿಂದ ಬಾಯಿಗೆ ದಾಟಿ, ಲ್ಯಾಟಿನ್‌ನಿಂದ ಜರ್ಮನ್‌ಗೆ ಹೊಕ್ಕು, ಕೊನೆಗೆ ಕೂದಲು ಒಣಗಿಸುವ ಒಂದು ವಿದ್ಯುತ್ ಯಂತ್ರದ ಹೆಸರಾಗಿ ಯುರೋಪಿನ ಅರ್ಧದಷ್ಟು ಮನೆಗಳನ್ನು ತಲುಪಿತು. ಪಡುವಣದ ಗಾಳಿಯ ಹೆಸರು ತೆಂಕಣದಿಂದ ಬೀಸುವ ಗಾಳಿಗೆ ಅಂಟಿಕೊಂಡದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರವೂ ಈ ಇಬ್ಬಗೆಯಲ್ಲೇ ಇದೆ.

ಪದದ ಹುಟ್ಟಿನ ಬಗ್ಗೆ ರೋಮನರಿಗೇ ಕುತೂಹಲವಿತ್ತು. ಲ್ಯಾಟಿನ್‌ನಲ್ಲಿ ‘ಫವೇರೆ’ ಎಂದರೆ ಒಲಿಯುವುದು, ಅನುಗ್ರಹಿಸುವುದು. ‘ಫೊವೇರೆ’ ಎಂದರೆ ಬೆಚ್ಚಗಿಡುವುದು, ಹಕ್ಕಿ ಮೊಟ್ಟೆಗೆ ಕಾವು ಕೊಡುವಂತೆ ಪೋಷಿಸುವುದು. ಫವೋನಿಯಸ್ ಮೇಲ್ನೋಟಕ್ಕೆ ಮೊದಲನೆಯ ಕ್ರಿಯಾಪದಕ್ಕೆ ಹತ್ತಿರವಾಗಿ ಕಂಡರೂ, ಕ್ರಿ.ಶ. ಮೊದಲ ಶತಮಾನದಲ್ಲಿ ‘ನ್ಯಾಚುರಾಲಿಸ್ ಹಿಸ್ಟೋರಿಯಾ’ ಎಂಬ ಬೃಹತ್ ವಿಶ್ವಕೋಶವನ್ನು ಬರೆದ ಪ್ಲಿನಿ, ಈ ಹೆಸರು ಬೆಚ್ಚಗಿಡುವ ಗುಣದಿಂದ ಬಂದದ್ದೆಂದು ಕೆಲವರು ಎಣಿಸಿದ್ದರೆಂದು ದಾಖಲಿಸಿದ್ದಾನೆ. ಆರು-ಏಳನೆಯ ಶತಮಾನಗಳ ಸಂಧಿಯಲ್ಲಿ ಬಾಳಿದ ಸೆವಿಲ್ ನಗರದ ಬಿಷಪ್ ಇಸಿದೋರನೂ ತನ್ನ ವ್ಯುತ್ಪತ್ತಿಕೋಶದಲ್ಲಿ ಇದೇ ಮಾತನ್ನು ಎತ್ತಿ ಹೇಳಿದ್ದಾನೆ. ಇಸಿದೋರನ ವ್ಯುತ್ಪತ್ತಿಗಳಲ್ಲಿ ಬಹಳಷ್ಟು ಇಂದು ನಿಲ್ಲುವುದಿಲ್ಲವಾದರೂ ಈ ಒಂದರ ಮಟ್ಟಿಗೆ ಆಧುನಿಕ ನಿಘಂಟುಕಾರರಲ್ಲಿ ಹಲವರು ಅವನ ಪಕ್ಷವನ್ನೇ ಹಿಡಿದಿದ್ದಾರೆ. ಅವರ ಪ್ರಕಾರ ಮೊದಲಿಗಿದ್ದ ‘ಫೊವ್’ ಎಂಬ ಅಂಗ, ಸ್ವರಾಘಾತವಿಲ್ಲದ ಮೊದಲ ಅಕ್ಷರದಲ್ಲಿ ಒಕಾರವು ಅಕಾರವಾಗುವ ಲ್ಯಾಟಿನ್‌ನ ಹಳೆಯ ಧ್ವನಿನಿಯಮದಿಂದ ‘ಫವ್’ ಆಗಿದೆ. ಬೂದಿಯೊಳಗಿನ ಕೆಂಡಕ್ಕಿರುವ ‘ಫವಿಲ್ಲ’ ಎಂಬ ಪದವನ್ನೂ ಇದೇ ಬಳಗಕ್ಕೆ ಸೇರಿಸುವುದುಂಟು.

ಈ ವ್ಯುತ್ಪತ್ತಿಯನ್ನು ಇನ್ನೂ ಹಿಂದಕ್ಕೆ ಒಯ್ದರೆ ಕನ್ನಡ ಓದುಗರಿಗೆ ಪರಿಚಿತವಾದ ಒಂದು ಧಾತು ಎದುರಾಗುತ್ತದೆ. ಇಂಡೋ-ಯುರೋಪಿಯನ್ ಮೂಲಭಾಷೆಯ ಪದಾದಿಯ ಧಕಾರವು ಲ್ಯಾಟಿನ್‌ನಲ್ಲಿ ಫಕಾರವಾಗುತ್ತದೆ. ಸಂಸ್ಕೃತದ ‘ಧೂಮ’ಕ್ಕೆ ಲ್ಯಾಟಿನ್‌ನಲ್ಲಿ ‘ಫೂಮುಸ್’ ಎಂಬ ಜೋಡಿ ಇರುವುದು ಹೀಗೆ. ಸುಡುವ, ಕಾಯುವ ಅರ್ಥವುಳ್ಳ ‘ಧೆಘ್’ ಎಂದು ಸ್ಥೂಲವಾಗಿ ಬರೆಯಬಹುದಾದ ಮೂಲಧಾತು ಲ್ಯಾಟಿನ್‌ನಲ್ಲಿ ‘ಫೊವ್’ ಆಯಿತು. ಸಂಸ್ಕೃತದಲ್ಲಿ ಒಂದೇ ಅಂಗದೊಳಗೆ ಎರಡು ಮಹಾಪ್ರಾಣಗಳು ಒತ್ತೊತ್ತಾಗಿ ಬಂದರೆ ಮೊದಲನೆಯದು ಅಲ್ಪಪ್ರಾಣವಾಗುವುದರಿಂದ ಅದೇ ಧಾತು ಅಲ್ಲಿ ‘ದಹ್’ ಎಂಬ ರೂಪ ತಾಳಿತು. ಕನ್ನಡದಲ್ಲಿ ಬಳಕೆಯಲ್ಲಿರುವ ದಹನ, ದಾಹ, ದಗ್ಧ ಎಂಬ ಪದಗಳೂ, ಕಾವ್ಯದಲ್ಲಿ ಬೇಸಗೆಗೆ ಬರುವ ‘ನಿದಾಘ’ವೂ ಇದೇ ಧಾತುವಿನವು. ಸುಡುಬೇಸಗೆಯ ನಾಡಿನಲ್ಲಿ ಬೇಗೆಯ ಕಡೆಗೆ ವಾಲಿದ ಧಾತು, ಚಳಿಗಾಲದ ನಾಡಿನಲ್ಲಿ ಹಿತವಾದ ಕಾವಿನ ಕಡೆಗೆ ತಿರುಗಿತೆಂಬುದು ಗಮನಿಸಬೇಕಾದ ವಿಷಯ. ಒಂದೇ ಕಾವು ಒಂದೆಡೆ ನಿದಾಘವಾಗಿದೆ, ಇನ್ನೊಂದೆಡೆ ವಸಂತದ ಗಾಳಿಯಾಗಿದೆ.

ರೋಮನ್ ಒಕ್ಕಲುತನದಲ್ಲಿ ಫವೋನಿಯಸ್ ಪಂಚಾಂಗದ ಒಂದು ಗುರುತಾಗಿತ್ತು. ಕ್ರಿ.ಪೂ. 37ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಬೇಸಾಯದ ಬಗ್ಗೆ ಮೂರು ಭಾಗಗಳ ಗ್ರಂಥವನ್ನು ಬರೆದ ಮಾರ್ಕಸ್ ವರ್ರೋ, ಬೇಸಾಯದ ವರ್ಷವನ್ನು ಎಂಟು ಅವಧಿಗಳಾಗಿ ವಿಂಗಡಿಸಿ, ಅವುಗಳಲ್ಲಿ ಮೊದಲನೆಯದನ್ನು ಫವೋನಿಯಸ್ ಬೀಸಲು ತೊಡಗಿದ ದಿನದಿಂದ ವಸಂತದ ಸಮರಾತ್ರಿಯವರೆಗಿನ 45 ದಿನಗಳೆಂದು ಲೆಕ್ಕ ಹಾಕಿದ್ದಾನೆ. ಕನ್ನಡ ನಾಡಿನ ರೈತರು ಮಳೆನಕ್ಷತ್ರಗಳ ಲೆಕ್ಕದಲ್ಲಿ ಬಿತ್ತನೆಯ ಹದವನ್ನು ಗೊತ್ತುಮಾಡಿಕೊಳ್ಳುವಂತೆ, ಇಟಲಿಯ ರೈತರು ಈ ಗಾಳಿಯಿಂದ ಹಿಡಿದು ಕೆಲಸಗಳನ್ನು ಎಣಿಸುತ್ತಿದ್ದರು: ಸಸಿಮಡಿಗಳಿಗೆ ಬೀಜ ಹಾಕುವುದು, ಮರಗಳ ಕೊಂಬೆ ಸವರುವುದು, ಹುಲ್ಲುಗಾವಲಿಗೆ ಗೊಬ್ಬರ ಹರಡುವುದು, ದ್ರಾಕ್ಷಿ ಬಳ್ಳಿಗಳ ಬುಡ ಬಿಡಿಸಿ ಮೇಲ್ಮಣ್ಣಿನ ಬೇರುಗಳನ್ನು ಕತ್ತರಿಸುವುದು, ಪೈರಿನ ಕಳೆ ಕೀಳುವುದು ಎಲ್ಲವೂ ವರ್ರೋನ ಪಟ್ಟಿಯಲ್ಲಿ ಈ 45 ದಿನಗಳ ಪಾಲಿಗೆ ಬಂದಿವೆ. ಪ್ಲಿನಿ ಈ ಗಾಳಿಯ ಆರಂಭವನ್ನು ಇಂದಿನ ಲೆಕ್ಕದ ಫೆಬ್ರವರಿ 8ಕ್ಕೆ ಇಟ್ಟು, ಅಂದಿನಿಂದ ಆಕಾಶದ ಬಿರುಸು ಇಳಿದು ನಾವಿಕರಿಗೆ ಕಡಲು ತೆರೆದುಕೊಳ್ಳುತ್ತದೆಂದು ಹೇಳುತ್ತಾನೆ. ಹೀಗೆ ಒಂದು ಗಾಳಿಯ ಹೆಸರು ಒಂದು ತಿಥಿಯ ಹೆಸರೂ ಆಗಿತ್ತು. ‘ಫವೋನಿಯಸ್‌ನಿಂದ’ ಎಂದರೆ ‘ಬೆಚ್ಚಗಾಗಲು ತೊಡಗಿದಂದಿನಿಂದ’ ಎಂದು ರೈತನ ಕಿವಿಗೆ ಕೇಳಿಸುತ್ತಿದ್ದಿರಬೇಕು.

ಗಿಡಮರಗಳು ಈ ಗಾಳಿಯಿಂದಲೇ ಗರ್ಭ ಧರಿಸುತ್ತವೆಂಬ ನಂಬಿಕೆಯೂ ವ್ಯಾಪಕವಾಗಿತ್ತು. ಪ್ಲಿನಿ ಫವೋನಿಯಸ್ಸನ್ನು ಜಗತ್ತಿನ ಜನನಶಕ್ತಿಯ ಉಸಿರೆಂದು ಬಣ್ಣಿಸಿ, ನೆಲದಿಂದ ಚಿಗುರುವುದೆಲ್ಲ ಈ ಗಾಳಿಯೊಡನೆ ಮದುವೆಯಾಗುತ್ತದೆಂಬ ಅರ್ಥದ ಮಾತುಗಳನ್ನು ಬಳಸುತ್ತಾನೆ. ಅವನೂ ವರ್ರೋನೂ ಹೇಳುವ ಇನ್ನೊಂದು ಸಂಗತಿ ಇನ್ನೂ ವಿಲಕ್ಷಣವಾದುದು: ಈಗಿನ ಪೋರ್ಚುಗಲ್‌ನ ಭಾಗವಾದ ಲುಸಿತಾನಿಯಾದಲ್ಲಿ, ಒಲಿಸಿಪೋ ಎಂದು ಆಗ ಕರೆಯುತ್ತಿದ್ದ ಲಿಸ್ಬನ್ನಿನ ಸುತ್ತ, ಹೆಣ್ಣು ಕುದುರೆಗಳು ಪಡುವಣ ಗಾಳಿಯಿಂದಲೇ ಗರ್ಭ ತಾಳುತ್ತವೆ, ಹಾಗೆ ಹುಟ್ಟಿದ ಮರಿಗಳು ಮೂರು ವರ್ಷಕ್ಕಿಂತ ಹೆಚ್ಚು ಬದುಕುವುದಿಲ್ಲ, ಅವು ಬಹಳ ವೇಗವಾಗಿ ಓಡುತ್ತವೆಂಬ ಮಾತನ್ನು ಪ್ಲಿನಿ ಇದಕ್ಕೆ ಕೂಡಿಸುತ್ತಾನೆ. ಅಟ್ಲಾಂಟಿಕ್ ಕಡಲಿನ ಅಂಚಿನಲ್ಲಿ ಬೆಳೆದ ಕುದುರೆಗಳ ಓಟವನ್ನು ಕಂಡವರು ಗಾಳಿಯನ್ನೇ ಅವುಗಳ ತಂದೆಯೆಂದುಕೊಂಡದ್ದು ಅಸಹಜವೇನಲ್ಲ. ಕ್ರಿ.ಪೂ. ಮೊದಲ ಶತಮಾನದ ಲುಕ್ರೇಷಿಯಸ್ ತನ್ನ ತತ್ತ್ವಕಾವ್ಯದ ಆರಂಭದಲ್ಲೇ ಈ ಗಾಳಿಯ ಜನನಶಕ್ತಿಯನ್ನು ನೆನೆಯುತ್ತಾನೆ. ಹೊರೇಸ್ ತನ್ನ ಭಾವಗೀತೆಯೊಂದರಲ್ಲಿ ವಸಂತವನ್ನೂ ಫವೋನಿಯಸ್ಸನ್ನೂ ಜೋಡಿಯಾಗಿ ಕರೆತರುತ್ತಾನೆ. ಕನ್ನಡ ಕವಿಗಳ ವಸಂತಕ್ಕೆ ಮಲಯಮಾರುತ ಇದ್ದಂತೆ ರೋಮನ್ ಕವಿಗಳ ವಸಂತಕ್ಕೆ ಫವೋನಿಯಸ್ ಇತ್ತು.

ದಿಕ್ಕಿನ ಹೆಸರಾಗಿ ಫವೋನಿಯಸ್ ಬೆಳೆದದ್ದು ಗ್ರೀಕರ ಪ್ರಭಾವದಿಂದ. ಗ್ರೀಕರ ಪಡುವಣ ಗಾಳಿ ‘ಜೆಫಿರೋಸ್’. ಅಥೆನ್ಸ್ ನಗರದಲ್ಲಿ ಇಂದಿಗೂ ನಿಂತಿರುವ, ಎಂಟು ಮೂಲೆಗಳ ಅಮೃತಶಿಲೆಯ ‘ಗಾಳಿಗಳ ಗೋಪುರ’ದಲ್ಲಿ ಅವನು ಉಡಿಯ ತುಂಬ ಹೂ ತುಂಬಿಕೊಂಡ ಬರಿಗಾಲಿನ ತರುಣನಾಗಿ ಕೆತ್ತಲ್ಪಟ್ಟಿದ್ದಾನೆ. ವಾಸ್ತುಶಾಸ್ತ್ರಜ್ಞ ವಿಟ್ರುವಿಯಸ್ ಈ ಗೋಪುರವನ್ನು ವಿವರಿಸುತ್ತ, ಎಂಟು ಗಾಳಿಗಳಿಗೆ ಲ್ಯಾಟಿನ್ ಹೆಸರುಗಳನ್ನು ಕೊಟ್ಟು, ಸಮರಾತ್ರಿಯಂದು ಸೂರ್ಯ ಮುಳುಗುವ ಬಿಂದುವಿನಿಂದ ಬೀಸುವ ಗಾಳಿಯೇ ಫವೋನಿಯಸ್ ಎಂದು ಗೊತ್ತುಮಾಡಿದ. ನಗರದ ಬೀದಿಗಳಲ್ಲಿ ಗಾಳಿ ನೇರವಾಗಿ ನುಗ್ಗದಂತೆ ನಕ್ಷೆ ಹಾಕುವುದು ಹೇಗೆಂಬುದೇ ಅವನ ಚಿಂತೆಯಾಗಿದ್ದುದರಿಂದ, ಅವನಿಗೆ ಗಾಳಿಯ ಕಾವಿಗಿಂತ ಅದು ಬರುವ ಕೋನ ಮುಖ್ಯವಾಗಿತ್ತು.

ಈ ದಿಕ್ಕಿನ ಅರ್ಥವೇ ಫವೋನಿಯಸ್ಸನ್ನು ಭಾರತದ ಪಶ್ಚಿಮ ಕರಾವಳಿಯವರೆಗೆ ತಂದದ್ದು. ವಿಶ್ವಕೋಶದ ಆರನೆಯ ಸಂಪುಟದಲ್ಲಿ ಪ್ಲಿನಿ, ಅರೇಬಿಯಾದ ಸಿಯಾಗ್ರುಸ್ ಭೂಶಿರದಿಂದ ಸಿಂಧೂ ನದಿಯ ಮುಖದ ಪಟಾಲೆಗೆ ನೇರವಾಗಿ ಹಾಯುವ ದಾರಿಯನ್ನು ವಿವರಿಸುವಾಗ, ಹಡಗುಗಳನ್ನು ತಳ್ಳುವ ಗಾಳಿ ಫವೋನಿಯಸ್ ಎಂದೂ ಅಲ್ಲಿನವರು ಅದನ್ನು ‘ಹಿಪ್ಪಾಲುಸ್’ ಎನ್ನುತ್ತಾರೆಂದೂ ಬರೆಯುತ್ತಾನೆ. ರೋಮನ್ ವಿದ್ವಾಂಸ ಇಲ್ಲಿ ತನ್ನ ವಸಂತಗಾಳಿಯ ಹೆಸರನ್ನು ಕೊಟ್ಟಿರುವುದು ನೈಋತ್ಯದ ಮುಂಗಾರಿಗೆ. ಬೇಸಗೆಯ ನಡುವೆ ಈಜಿಪ್ಟನ್ನು ಬಿಟ್ಟ ಹಡಗುಗಳು ಸುಮಾರು ಮೂವತ್ತು ದಿನಗಳಲ್ಲಿ ಕೆಂಪು ಸಮುದ್ರದ ಬಾಯಿಯನ್ನು ಮುಟ್ಟಿ, ಅಲ್ಲಿಂದ ಈ ಗಾಳಿಯನ್ನು ಹಿಡಿದು 40 ದಿನಗಳಲ್ಲಿ ಕೇರಳದ ಮುಜಿರಿಸ್ ಬಂದರನ್ನು ತಲುಪುತ್ತಿದ್ದವು. ಆದರೆ ಮುಜಿರಿಸ್ ಅಷ್ಟು ಒಳ್ಳೆಯ ಬಂದರಲ್ಲ, ಹತ್ತಿರದ ನಿತ್ರಿಯಾಸ್ ಎಂಬಲ್ಲಿ ಕಡಲುಗಳ್ಳರು ನೆಲೆಸಿದ್ದಾರೆ ಎಂದು ಪ್ಲಿನಿ ಎಚ್ಚರಿಸುತ್ತಾನೆ. ಈ ನಿತ್ರಿಯಾಸನ್ನು ನೇತ್ರಾವತಿ ನದಿಯ ಹೆಸರಿನೊಂದಿಗೂ ಮಂಗಳೂರಿನ ಕರಾವಳಿಯೊಂದಿಗೂ ಜೋಡಿಸಿ ನೋಡಿದ ವಿದ್ವಾಂಸರಿದ್ದಾರೆ. ಡಿಸೆಂಬರ್-ಜನವರಿಯ ಹೊತ್ತಿಗೆ ಮರಳುವ ಹಡಗುಗಳಿಗೆ ನೆರವಾಗುವ ಗಾಳಿಗೆ ಅವನು ಕೊಟ್ಟ ಹೆಸರು ‘ವುಲ್ತುರ್ನುಸ್’, ಅಂದರೆ ಆಗ್ನೇಯದ ಗಾಳಿ. ಭಾರತದ ಸರಕಿಗಾಗಿ ಪ್ರತಿ ವರ್ಷ 5 ಕೋಟಿ ಸೆಸ್ಟರ್ಸ್ ನಾಣ್ಯಗಳು ಸಾಮ್ರಾಜ್ಯದಿಂದ ಹರಿದುಹೋಗುತ್ತಿವೆಯೆಂದು ಅವನು ಕೊರಗುವುದು ಇದೇ ಪ್ರಕರಣದಲ್ಲಿ. ತುಳುನಾಡಿಗೂ ಮಲೆಯಾಳಕ್ಕೂ ಮಳೆ ತರುವ ಗಾಳಿ ಲ್ಯಾಟಿನ್ ಗ್ರಂಥದಲ್ಲಿ ಫವೋನಿಯಸ್ ಎಂದು ಕಾಣಿಸಿಕೊಂಡಾಗ, ಆ ಹೆಸರಿನಲ್ಲಿ ಕಾವಿನ ನೆನಪಾಗಲಿ ಫೆಬ್ರವರಿಯ ಚಿಗುರಾಗಲಿ ಉಳಿದಿರಲಿಲ್ಲ. ಅದು ಬರಿಯ ಪಡುವಣ ದಿಕ್ಕಾಗಿತ್ತು.

ಬರಿಯ ದಿಕ್ಕಾದ ಹೆಸರಿನ ಜಾಗಕ್ಕೆ ಇನ್ನೊಂದು ಹೆಸರು ಬಂದು ಕೂರುವುದು ಸುಲಭ. ಮಧ್ಯಯುಗದ ಮೆಡಿಟರೇನಿಯನ್ ನಾವಿಕರು ದಿಕ್ಸೂಚಿಯ ಸುತ್ತ ಬರೆದುಕೊಂಡ ಎಂಟು ಗಾಳಿಗಳಲ್ಲಿ ಪಡುವಣದ್ದು ‘ಪೊನೆಂತೆ’, ಎಂದರೆ ಸೂರ್ಯ ಮುಳುಗುವ ಕಡೆಯದು. ಫವೋನಿಯಸ್ ಅಲ್ಲಿಂದ ಜಾರಿಹೋಗಿತ್ತು. ಅದಕ್ಕೂ ಮೊದಲು, ಕ್ರಿ.ಶ. 800ರ ಆಸುಪಾಸಿನಲ್ಲಿ, ಶಾರ್ಲಮೇನ್ ಚಕ್ರವರ್ತಿ ತನ್ನ ಫ್ರಾಂಕ್ ಭಾಷೆಯಲ್ಲಿ ಹನ್ನೆರಡು ಗಾಳಿಗಳಿಗೆ ಹೊಸ ಹೆಸರುಗಳನ್ನಿಟ್ಟನೆಂದು ಅವನ ಚರಿತ್ರೆಕಾರ ಐನ್‌ಹಾರ್ಡ್ ಬರೆದಿಟ್ಟಿದ್ದಾನೆ. ಆ ಹೆಸರುಗಳೆಲ್ಲ ಮೂಡಣ, ಪಡುವಣ, ತೆಂಕಣ, ಬಡಗಣ ಎಂಬ ನಾಲ್ಕು ಪದಗಳನ್ನು ಬಗೆಬಗೆಯಾಗಿ ಹೆಣೆದು ಮಾಡಿದವು. ಪಡುವಣ ಗಾಳಿಗೆ ಬಂದದ್ದು ‘ವೆಸ್ಟ್ರೋನಿ’ ಎಂಬ ಹೆಸರು. ಅರಮನೆಯಲ್ಲಿ ಹೆಣೆದ ಈ ವ್ಯವಸ್ಥೆ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅದರಲ್ಲಿ ಯಾವ ಗಾಳಿಗೂ ಸ್ವಂತ ಗುಣವಿರಲಿಲ್ಲ. ಅದೇ ಸಾಮ್ರಾಜ್ಯದ ಆಲ್ಪ್ಸ್ ಬೆಟ್ಟಗಳಲ್ಲಿ, ಚಕ್ರವರ್ತಿಯ ಪಟ್ಟಿಯ ಗೊಡವೆಯಿಲ್ಲದೆ, ಹಳೆಯ ಫವೋನಿಯಸ್ ಬೇರೊಂದು ಗಾಳಿಯ ಹೆಸರಾಗಿ ಉಳಿದುಕೊಂಡಿತ್ತು.

ಆ ಬೆಟ್ಟಗಳ ನಾಡು ರೇಷಿಯಾ. ಕ್ರಿ.ಪೂ. 15ರಲ್ಲಿ ಅಗಸ್ಟಸ್ ಚಕ್ರವರ್ತಿಯ ಮಲಮಕ್ಕಳಾದ ಡ್ರೂಸುಸ್ ಮತ್ತು ಟೈಬೀರಿಯಸ್ ಮಧ್ಯ ಆಲ್ಪ್ಸ್ ಪ್ರದೇಶವನ್ನು ಗೆದ್ದ ಮೇಲೆ ಅಲ್ಲಿ ಸೈನಿಕರ, ವ್ಯಾಪಾರಿಗಳ, ಅಧಿಕಾರಿಗಳ ಮಾತಾಗಿ ಲ್ಯಾಟಿನ್ ಬೇರೂರಿತು. ಶತಮಾನಗಳು ಕಳೆದಂತೆ ಅದು ರೊಮಾಂಶ್ ಎಂಬ ಭಾಷೆಯಾಗಿ ಕವಲೊಡೆಯಿತು. 1938ರ ಜನಮತದ ಮೂಲಕ ಸ್ವಿಟ್ಜರ್ಲೆಂಡಿನ ನಾಲ್ಕನೆಯ ರಾಷ್ಟ್ರೀಯ ಭಾಷೆಯೆಂಬ ಮನ್ನಣೆ ಪಡೆದ ರೊಮಾಂಶ್ ಇಂದು ಗ್ರೌಬುಂಡನ್ ಪ್ರಾಂತದ ಕಣಿವೆಗಳಲ್ಲಿ ಉಳಿದಿದೆ. ಅಲ್ಲಿ ಫವೋನಿಯಸ್ ‘ಫವುಞ್’ ಎಂದಾಗಿದೆ, ಎಂಗದೀನ್ ಕಣಿವೆಯಲ್ಲಿ ‘ಫವುಓಞ್’ ಎಂದು ಕೇಳಿಸುತ್ತದೆ; ಲ್ಯಾಟಿನ್‌ನ ನಕಾರವೂ ಅದರ ಮುಂದಿನ ಇಕಾರವೂ ಬೆರೆತು ಞಕಾರವಾಗುವುದು ರೋಮನ್ ವಂಶದ ಭಾಷೆಗಳ ಸಾಮಾನ್ಯ ನಡೆ. ಇನ್ನೊಂದು ಬದಲಾವಣೆಯ ಕುರುಹು ಇನ್ನೂ ಹಿಂದಿನದು. ಜನರ ಆಡುಮಾತಿನ ಲ್ಯಾಟಿನ್‌ನಲ್ಲಿ ಎರಡು ಸ್ವರಗಳ ನಡುವಿನ ವಕಾರ ಸವೆದುಹೋಗುತ್ತಿತ್ತು. ತಪ್ಪು ರೂಪಗಳನ್ನು ತಿದ್ದಲು ಹಳೆಯ ಉಪಾಧ್ಯಾಯರೊಬ್ಬರು ಬರೆದಿಟ್ಟ, ‘ಪ್ರೋಬುಸನ ಅನುಬಂಧ’ ಎಂದು ಹೆಸರಾದ ಪಟ್ಟಿಯಲ್ಲಿ ‘ಪವೊರ್’ ಎನ್ನಬೇಕು, ‘ಪಓರ್’ ಎನ್ನಬಾರದು ಎಂಬ ಸೂಚನೆಯಿದೆ. ಉಪಾಧ್ಯಾಯರ ಮಾತನ್ನು ಜನ ಕೇಳಲಿಲ್ಲ. ‘ಪಓರ್’ ಎಂಬಂತೆಯೇ ‘ಫಓನಿಯುಸ್’ ಎಂಬ ಉಚ್ಚಾರಣೆಯೂ ಕಣಿವೆಗಳಲ್ಲಿ ಹಬ್ಬಿತ್ತೆಂದು ಭಾಷಾಶಾಸ್ತ್ರಜ್ಞರು ತರ್ಕಿಸುವುದು, ಆಲ್ಪ್ಸ್‌ನ ಉತ್ತರಕ್ಕೆ ಬಂದು ನೆಲೆಸಿದ ಜರ್ಮನ್ ನುಡಿಯ ಜನ ಎರವಲು ಪಡೆದ ರೂಪದಲ್ಲಿ ವಕಾರವೇ ಇಲ್ಲದಿರುವುದರಿಂದ. ಹಳೆಯ ಉನ್ನತ ಜರ್ಮನ್‌ನಲ್ಲಿ ಈ ಪದ ‘ಫೋನ್ನೊ’ ಎಂದು ದಾಖಲಾಗಿದೆ, ಮಧ್ಯಕಾಲೀನ ಜರ್ಮನ್‌ನಲ್ಲಿ ‘ಫ್ಯೋನ್ನೆ’ ಆಗಿದೆ, ಇಂದಿನ ಜರ್ಮನ್‌ನಲ್ಲಿ ‘ಫ್ಯೋನ್’. ಹಳಗನ್ನಡದ ‘ಪಾಲ್’ ನಡುಗನ್ನಡದ ಹಾದಿಯಲ್ಲಿ ‘ಹಾಲು’ ಆದ ಶತಮಾನಗಳಲ್ಲೇ ಹೆಚ್ಚುಕಡಿಮೆ ಈ ಬದಲಾವಣೆಗಳೂ ನಡೆದವು.

ದಿಕ್ಕು ತಪ್ಪಿದ್ದು ಇಲ್ಲಿಯೇ. ಆಲ್ಪ್ಸ್‌ನ ಉತ್ತರದ ಇಳಿಜಾರಿನಲ್ಲಿ ಫ್ಯೋನ್ ಬೀಸುವುದು ತೆಂಕಣದಿಂದ; ಪರ್ವತದ ನೆತ್ತಿಯನ್ನು ದಾಟಿ, ರೈನ್, ರೋಯ್ಸ್, ಲಿಂತ್ ನದಿಗಳ ಕಣಿವೆಗಳಿಗೆ ಧುಮುಕುವ ಒಣಗಾಳಿ ಅದು. ಇಟಲಿಯ ಬಯಲಿನಲ್ಲಿ ಹಿತವಾಗಿ ಬೀಸುತ್ತಿದ್ದ ಪಡುವಣ ಗಾಳಿಗೂ ಇದಕ್ಕೂ ದಿಕ್ಕಿನಲ್ಲಿ, ಬಿರುಸಿನಲ್ಲಿ, ತೇವದಲ್ಲಿ ಯಾವ ಹೋಲಿಕೆಯೂ ಇಲ್ಲ. ಹೋಲಿಕೆ ಇರುವುದು ಒಂದೇ ಒಂದರಲ್ಲಿ: ಎರಡೂ ಚಳಿಯನ್ನು ಮುರಿಯುತ್ತವೆ. ಕಣಿವೆಯಲ್ಲಿ ಬದುಕುವವರಿಗೆ ದಿಕ್ಕೆಂಬುದು ದೊಡ್ಡ ಸಂಗತಿಯಲ್ಲ. ಎರಡು ಬದಿಯಲ್ಲೂ ಬೆಟ್ಟಗಳಿರುವಾಗ ಯಾವ ಗಾಳಿಯಾದರೂ ಕಣಿವೆಯ ಉದ್ದಕ್ಕೇ ಬೀಸಬೇಕು. ಚಳಿಗಾಲದ ಕೊನೆಯಲ್ಲಿ ಬಂದು ಹಿಮವನ್ನು ಕರಗಿಸಿ ನೆಲವನ್ನು ಉಳುಮೆಗೆ ಬಿಡಿಸಿಕೊಡುವ ಗಾಳಿಗೆ ಫವೋನಿಯಸ್ ಎನ್ನಬೇಕೆಂದು ವರ್ರೋನ ಕಾಲದ ಬೇಸಾಯದ ಮಾತು ಕಲಿಸಿತ್ತು, ರೇಷಿಯಾದ ರೈತರು ಆ ಹೆಸರನ್ನು ತಮ್ಮ ನಾಡಿನಲ್ಲಿ ಆ ಕೆಲಸ ಮಾಡುವ ಗಾಳಿಗೆ ಇಟ್ಟರು. ಹೀಗೆ ನೋಡಿದರೆ ಇದನ್ನು ಅರ್ಥಪಲ್ಲಟವೆನ್ನುವುದು ಅಷ್ಟು ಸರಿಯಲ್ಲ. ‘ಫೊವೇರೆ’ಯ ಕಾವಿನಲ್ಲಿ ಹುಟ್ಟಿದ ಪದ, ದಿಕ್ಕಿನ ಹೊದಿಕೆಯನ್ನು ಕಳಚಿ, ತನ್ನ ಹಳೆಯ ಅರ್ಥಕ್ಕೇ ಮರಳಿತೆನ್ನುವುದು ಹೆಚ್ಚು ಸರಿ.

ಫ್ಯೋನ್ ಬೀಸಿದರೆ ಕೆಲವೇ ಗಂಟೆಗಳಲ್ಲಿ ಉಷ್ಣತೆ 10 ಡಿಗ್ರಿಗೂ ಹೆಚ್ಚು ಏರುವುದುಂಟು. ನೆತ್ತಿಯ ಮೇಲೆ ಮೋಡದ ಗೋಡೆಯೊಂದು ಕಟ್ಟಿನಿಂತು, ಅದರ ಈಚೆ ಆಕಾಶ ತಿಳಿಯಾಗಿ, ದೂರದ ಶಿಖರಗಳು ಕೈಗೆ ಎಟುಕುವಷ್ಟು ಹತ್ತಿರ ಕಾಣುತ್ತವೆ. ಹಿಮ ಕರಗಿ ಹರಿಯುವುದಷ್ಟೇ ಅಲ್ಲದೆ ಒಣಗಾಳಿಗೆ ಆವಿಯಾಗಿಯೂ ಹೋಗುವುದರಿಂದ ಜರ್ಮನ್ ಭಾಷಿಕರು ಇದನ್ನು ‘ಹಿಮ ನುಂಗುವವನು’ ಎನ್ನುತ್ತಾರೆ. ಖೂರ್ ನಗರದ ಹತ್ತಿರದ ರೈನ್ ಕಣಿವೆಯಲ್ಲಿ ಶರತ್ಕಾಲದ ಫ್ಯೋನ್ ದ್ರಾಕ್ಷಿಯನ್ನು ಮಾಗಿಸುತ್ತದಾದ್ದರಿಂದ ಅಲ್ಲಿ ಅದು ‘ದ್ರಾಕ್ಷಿ ಬೇಯಿಸುವವನು’. ಊರಿ ಪ್ರಾಂತದಲ್ಲಿ ಫ್ಯೋನ್‌ಗೆ ‘ಊರಿಯ ಅತ್ಯಂತ ಹಿರಿಯ ಪ್ರಜೆ’ ಎಂಬ ಅಡ್ಡಹೆಸರಿದೆ. ಅದೇ ಪ್ರಾಂತದ ಸರೋವರದ ಮೇಲೆ ಏಳುವ ಫ್ಯೋನ್ ಬಿರುಗಾಳಿಯಿಂದಲೇ ಷಿಲ್ಲರ್ 1804ರಲ್ಲಿ ತನ್ನ ‘ವಿಲ್ಹೆಲ್ಮ್ ಟೆಲ್’ ನಾಟಕದ ಮೊದಲ ದೃಶ್ಯವನ್ನು ಕಟ್ಟಿದ; ಸ್ವಿಟ್ಜರ್ಲೆಂಡಿಗೆ ಒಮ್ಮೆಯೂ ಹೋಗದ ಆ ನಾಟಕಕಾರನ ಮೂಲಕ ಈ ಹಳ್ಳಿಯ ಪದ ಜರ್ಮನ್ ಸಾಹಿತ್ಯದ ವಿಶಾಲ ಓದುಗರನ್ನು ಮುಟ್ಟಿತು.

ಕಾವು ಕೊಡುವ ಗಾಳಿ ಸುಡುವ ಗಾಳಿಯೂ ಆಗಬಲ್ಲುದು. ಮರದ ಮನೆಗಳು ಒತ್ತೊತ್ತಾಗಿದ್ದ ಊರುಗಳಲ್ಲಿ ಒಲೆಯ ಒಂದು ಕಿಡಿ ಫ್ಯೋನ್‌ಗೆ ಸಿಕ್ಕಿದರೆ ಊರೇ ಉಳಿಯುತ್ತಿರಲಿಲ್ಲ. 1799ರ ಏಪ್ರಿಲ್‌ನಲ್ಲಿ ಊರಿಯ ರಾಜಧಾನಿ ಆಲ್ಟ್‌ಡೋರ್ಫ್ ಹೀಗೆ ಸುಟ್ಟಿತು. ಮೈರಿಂಗನ್ 1879ರಲ್ಲೊಮ್ಮೆ, 1891ರಲ್ಲಿ ಮತ್ತೊಮ್ಮೆ ಬೆಂಕಿಗೆ ತುತ್ತಾಯಿತು. ಇವೆಲ್ಲಕ್ಕಿಂತ ದೊಡ್ಡ ಅನಾಹುತ ಗ್ಲಾರುಸ್ ಪಟ್ಟಣದ್ದು: 1861ರ ಮೇ 10ರ ರಾತ್ರಿ ಹೊತ್ತಿಕೊಂಡ ಬೆಂಕಿ ಫ್ಯೋನ್‌ನ ರಭಸಕ್ಕೆ ಬೆಳಗಾಗುವಷ್ಟರಲ್ಲಿ ಸುಮಾರು 600 ಕಟ್ಟಡಗಳನ್ನು, ಎಂದರೆ ಊರಿನ ಮೂರನೆಯ ಎರಡರಷ್ಟನ್ನು, ಬೂದಿ ಮಾಡಿತು, ಆಮೇಲೆ ಕಟ್ಟಿದ ಹೊಸ ಪಟ್ಟಣಕ್ಕೆ ಅಗಲವಾದ ನೇರ ಬೀದಿಗಳ ಚೌಕಳಿ ನಕ್ಷೆಯನ್ನು ಆರಿಸಿಕೊಂಡರು. ಗಾಳಿ ಎದ್ದೊಡನೆ ಮನೆಮನೆಗೆ ಹೋಗಿ ಒಲೆಗಳು ಆರಿವೆಯೇ ಎಂದು ನೋಡುವ ‘ಫ್ಯೋನ್ ಕಾವಲು’ ಎಂಬ ಪದ್ಧತಿ ಈ ಕಣಿವೆಗಳಲ್ಲಿ ಬಹುಕಾಲ ನಡೆದುಬಂತು, ಬಯಲಿನಲ್ಲಿ ಹೊಗೆಬತ್ತಿ ಸೇದುವುದೂ ಆಗ ನಿಷಿದ್ಧವಾಗುತ್ತಿತ್ತು. ದಹ್ ಧಾತುವಿನ ಎರಡೂ ಮುಖಗಳು, ಪೋಷಿಸುವ ಕಾವು ಮತ್ತು ಸುಡುವ ಬೆಂಕಿ, ಒಂದೇ ಗಾಳಿಯಲ್ಲಿ ಇಲ್ಲಿ ಕೂಡಿಬಂದಿವೆ.

ಹಿಮಾಚ್ಛಾದಿತ ನೆತ್ತಿಗಳಿಂದ ಇಳಿದುಬರುವ ಗಾಳಿ ಬಿಸಿಯಾಗಿರುವುದಾದರೂ ಹೇಗೆ ಎಂಬ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳನ್ನು ಕಾಡಿತು. ತೆಂಕಣದಿಂದ ಬರುವುದಾದ್ದರಿಂದ ಇದು ಸಹಾರಾ ಮರುಭೂಮಿಯ ಗಾಳಿಯೇ ಇರಬೇಕೆಂದು ಜ್ಯೂರಿಕ್‌ನ ಭೂವಿಜ್ಞಾನಿ ಆರ್ನಾಲ್ಡ್ ಎಷರ್ ವಾದಿಸಿದ. ಬರ್ಲಿನ್‌ನ ಹವಾಮಾನ ವಿಜ್ಞಾನಿ ಹೈನ್ರಿಕ್ ಡೋವ ಅದನ್ನು ಒಪ್ಪದೆ, ಇದು ವೆಸ್ಟ್ ಇಂಡೀಸ್ ಕಡೆಯ ಉಷ್ಣವಲಯದ ಕಡಲಿನಿಂದ ಬರುವುದೆಂದ. 1866ರಲ್ಲಿ ಆಸ್ಟ್ರಿಯಾದ ಯೂಲಿಯುಸ್ ಹಾನ್ ಎಂಬ ಯುವ ವಿದ್ವಾಂಸ ಇಬ್ಬರ ವಾದವನ್ನೂ ಬದಿಗಿಟ್ಟು, ಗ್ರೀನ್‌ಲ್ಯಾಂಡಿನ ಪಶ್ಚಿಮ ಕರಾವಳಿಯಲ್ಲೂ ಇಂಥದೇ ಬಿಸಿ ಒಣಗಾಳಿ ಬೀಸುತ್ತದೆ, ಅಲ್ಲಿ ಅದು ಹಿಮಗಡ್ಡೆ ಹೊದ್ದ ಒಳನಾಡಿನಿಂದ ಬರುತ್ತದೆ, ಆದ್ದರಿಂದ ಮರುಭೂಮಿಯ ಅಗತ್ಯವೇ ಇಲ್ಲ ಎಂದು ತೋರಿಸಿದ. ಗಾಳಿ ಕೆಳಗಿಳಿಯುವಾಗ ಮೇಲಿನ ಒತ್ತಡ ಹೆಚ್ಚಿ, ಅದು ಕುಗ್ಗಿ, ಪ್ರತಿ 100 ಮೀಟರಿಗೆ ಸುಮಾರು 1 ಡಿಗ್ರಿಯಷ್ಟು ಬಿಸಿಯಾಗುತ್ತದೆ. ಏರುವಾಗ ಅಷ್ಟೇ ತಣಿಯುತ್ತದೆ, ಆದರೆ ಮೋಡ ಕಟ್ಟಲು ತೊಡಗಿದ ಮೇಲೆ ನೀರಾವಿ ಹನಿಯಾಗುತ್ತ ಬಿಟ್ಟುಕೊಡುವ ಶಾಖದಿಂದ ತಣಿಯುವ ಪ್ರಮಾಣ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚಿನಷ್ಟಕ್ಕೆ ಇಳಿಯುತ್ತದೆ. 300 ಮೀಟರ್ ಎತ್ತರದಲ್ಲಿ 15 ಡಿಗ್ರಿಯಿದ್ದ ಗಾಳಿ 1,000 ಮೀಟರಿನಲ್ಲಿ ಮೋಡವಾಗತೊಡಗಿ, ಮಳೆ ಸುರಿಸುತ್ತ 3,000 ಮೀಟರಿನ ನೆತ್ತಿಗೆ ಏರುವಾಗ ಸುಮಾರು ಮೈನಸ್ 3 ಡಿಗ್ರಿಗೆ ಇಳಿದರೆ, ಆಚೆ ಬದಿಯಲ್ಲಿ 500 ಮೀಟರಿಗೆ ಇಳಿಯುವಷ್ಟರಲ್ಲಿ 22 ಡಿಗ್ರಿಯಾಗಿರುತ್ತದೆ. ಗಾಳಿ ಏರುವ ಬದಿಯಲ್ಲಿ ಮಳೆಯಿಲ್ಲದೆಯೂ ಎತ್ತರದ ಗಾಳಿ ನೇರವಾಗಿ ಕೆಳಗಿಳಿದು ಫ್ಯೋನ್ ಆಗುವುದುಂಟೆಂದು ಮುಂದಿನ ಅಧ್ಯಯನಗಳು ತಿಳಿಸಿದರೂ, ಇಳಿಯುವ ಗಾಳಿ ಬಿಸಿಯಾಗುತ್ತದೆಂಬ ಹಾನ್‌ನ ಮೂಲತತ್ತ್ವ ಅಲ್ಲಾಡಲಿಲ್ಲ. ಅಂದಿನಿಂದ ಫ್ಯೋನ್ ಎಂಬುದು ಜಗತ್ತಿನ ಯಾವ ಪರ್ವತದ ಮರೆಯಲ್ಲೇ ಆಗಲಿ ಇಳಿದು ಬಿಸಿಯಾಗುವ ಗಾಳಿಯ ಪಾರಿಭಾಷಿಕ ಪದವಾಯಿತು. ಪ್ಲಿನಿ ಫವೋನಿಯಸ್ ಎಂದ ಮುಂಗಾರು ಗಾಳಿ ಪಶ್ಚಿಮಘಟ್ಟದಲ್ಲಿ ಮಳೆ ಸುರಿದು ಮೂಡಣದ ಬಯಲುಸೀಮೆಗೆ ಇಳಿಯುತ್ತ ಒಣಗುವುದೂ ಇದೇ ತತ್ತ್ವದಿಂದ.

ಆಲ್ಪ್ಸ್‌ನ ಹೊರಗೂ ಪದದ ಕವಲುಗಳಿವೆ. ಇಟಲಿಯ ಆಗ್ನೇಯದ ಪೂಲಿಯಾ ಸೀಮೆಯಲ್ಲಿ, ಫೋಜಾ ಪಟ್ಟಣದ ಸುತ್ತಲಿನ ಗೋಧಿಯ ಬಯಲಿನಲ್ಲಿ, ‘ಫವೋನಿಯೊ’ ಎಂದರೆ ಬೇಸಗೆಯಲ್ಲಿ ಪೈರನ್ನು ಬಾಡಿಸುವ ಬಿಸಿಗಾಳಿ. ಪಿರನೀಸ್ ಪರ್ವತದ ಕಟಲಾನ್ ಭಾಷಿಕರ ‘ಫೊಗೋಞ್’ ಕೂಡ ಬೆಟ್ಟದಿಂದಿಳಿಯುವ ಬಿಸಿ ಒಣಗಾಳಿಯೇ. ಸ್ಪ್ಯಾನಿಷ್, ಪೋರ್ಚುಗೀಸ್‌ಗಳಲ್ಲಿ ಮಾತ್ರ ಇದು ಕವಿಗಳ ಗ್ರಂಥಸ್ಥ ಪದ. ಹದಿನೇಳನೆಯ ಶತಮಾನದ ಇಂಗ್ಲಿಷ್ ಕವಿ ಮಿಲ್ಟನ್ ತನ್ನ ಸಾನೆಟ್ ಒಂದರಲ್ಲಿ ಬಳಸಿದ್ದೂ ಆ ಗ್ರಂಥಸ್ಥ ಫವೋನಿಯಸ್ಸನ್ನೇ. ಜನರ ಬಾಯಲ್ಲಿ ಉಳಿದ ಕಡೆಯಲ್ಲೆಲ್ಲ, ಒಂದಕ್ಕೊಂದು ದೂರದ ಈ ಮೂರು ಸೀಮೆಗಳಲ್ಲಿ, ದಿಕ್ಕು ಬಿಟ್ಟುಹೋಗಿ ಕಾವು ಉಳಿದಿದೆ. ಪ್ಲಿನಿಯ ವುಲ್ತುರ್ನುಸ್‌ಗೂ ಇದೇ ಗತಿಯಾಯಿತು: ಸ್ಪ್ಯಾನಿಷ್‌ನಲ್ಲಿ ಅದು ‘ಬೊಚೋರ್ನೊ’ ಆಗಿ, ಗಾಳಿಯೇ ಆಡದ ಸೆಕೆಗೂ, ನಾಚಿಕೆಯಿಂದ ಮುಖ ಬಿಸಿಯೇರುವುದಕ್ಕೂ ಹೆಸರಾಗಿದೆ. ಇದಕ್ಕೆ ಎದುರಾಗಿ, ಸ್ಪೇನಿನ ಎಬ್ರೋ ಕಣಿವೆಯಲ್ಲಿ ಆಯುಧ ಹೊತ್ತವನನ್ನೂ ಕೆಡಹುತ್ತದೆಂದು ರೋಮನ್ ಲೇಖಕ ಕೇಟೊ ಬಣ್ಣಿಸಿದ ‘ಕೆರ್ಕಿಯುಸ್’ ಗಾಳಿ, ಅದೇ ಕಣಿವೆಯಲ್ಲಿ, ಅದೇ ಚಳಿಯೊಡನೆ, ‘ಥಿಯೆರ್ಥೊ’ ಎಂಬ ಹೆಸರಿನಲ್ಲಿ ಇಂದಿಗೂ ಬೀಸುತ್ತಿದೆ.

ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬರ್ಲಿನ್‌ನ ಸಾನಿಟಾಸ್ ಎಂಬ ವಿದ್ಯುತ್ ಉಪಕರಣಗಳ ಕಂಪನಿ, ಬಿಸಿಗಾಳಿ ಊದಿ ಕೂದಲು ಒಣಗಿಸುವ ಯಂತ್ರವನ್ನು ಮಾರುಕಟ್ಟೆಗೆ ತಂದಾಗ ಅದಕ್ಕೆ ‘ಫ್ಯೋನ್’ ಎಂಬ ವ್ಯಾಪಾರ ಹೆಸರನ್ನು ನೋಂದಾಯಿಸಿತು. ಗಾಳಿಯ ಹೆಸರಿನ ಬರವಣಿಗೆಯಲ್ಲಿದ್ದ, ಉಚ್ಚಾರಣೆಯಲ್ಲಿ ಸ್ವರವನ್ನು ದೀರ್ಘಗೊಳಿಸುವ ಹಕಾರವನ್ನು ಮಾತ್ರ ಕೈಬಿಟ್ಟಿತು. ಬಿಸಿಯಾದ, ಒಣಗಿದ, ರಭಸದ ಗಾಳಿಗೆ ಜರ್ಮನ್ ಮನೆಗಳಲ್ಲಿ ಇದಕ್ಕಿಂತ ಪರಿಚಿತ ಪದವಿರಲಿಲ್ಲವಾದ್ದರಿಂದ ವ್ಯಾಪಾರದ ಹೆಸರು ಬೇಗನೆ ವಸ್ತುವಿನ ಹೆಸರಾಯಿತು. ರಷ್ಯನ್, ಝೆಕ್, ಸರ್ಬಿಯನ್‌ಗಳಿಗೆ ಅದು ‘ಫೆನ್’ ಎಂದು ಹೋಯಿತು. ಡಚ್ಚರು ಜರ್ಮನ್ ರೂಪವನ್ನೇ ಇಟ್ಟುಕೊಂಡರು, ಫಿನ್ನಿಷ್‌ನಲ್ಲಿ ‘ಫ್ಯೋನಿ’ ಆಯಿತು, ತುರ್ಕಿಯ ಕ್ಷೌರದಂಗಡಿಗಳಲ್ಲಿ ‘ಫ್ಯೋನ್ ಎಳೆಯುವುದು’ ಎಂದರೆ ಕೂದಲು ಒಣಗಿಸಿ ತೀಡುವುದು. ಈ ತಿರುಗಾಟದಲ್ಲಿ ಇಟಲಿಯ ಪಾಲಿಗೆ ಬಂದದ್ದು ಎಲ್ಲಕ್ಕಿಂತ ಹೆಚ್ಚು: ಲ್ಯಾಟಿನ್‌ನಿಂದ ನೇರವಾಗಿ ಇಳಿದ ‘ಫವೋನಿಯೊ’, ಹವಾಮಾನ ವಿಜ್ಞಾನದ ಮೂಲಕ ಜರ್ಮನ್‌ನಿಂದ ಮರಳಿದ ‘ಫ್ಯೋನ್’, ಸ್ನಾನದ ಮನೆಯ ‘ಫೋನ್’ ಮೂರೂ ಅಲ್ಲಿ ಒಂದೇ ಭಾಷೆಯೊಳಗಿವೆ, ಇವು ಒಂದೇ ಪದದ ಮಕ್ಕಳೆಂಬುದು ಆಡುವವರಿಗೆ ನೆನಪಾಗುವುದು ಅಪರೂಪ. ಜರ್ಮನ್ನರು 1996ರಲ್ಲಿ ತಮ್ಮ ಭಾಷೆಯ ಕಾಗುಣಿತವನ್ನು ಪರಿಷ್ಕರಿಸಿದಾಗ ಯಂತ್ರದ ಹೆಸರಿಗೂ ಆ ಬಿಟ್ಟುಹೋದ ಹಕಾರವನ್ನು ಮರಳಿ ಸೇರಿಸಿದರು; ಹಕಾರವಿಲ್ಲದ ಹಳೆಯ ರೂಪ ನೋಂದಾಯಿತ ವ್ಯಾಪಾರಚಿಹ್ನೆಯಾಗಿ ಮಾತ್ರ ಉಳಿಯಿತು, ಶಾಲೆಯ ಮಕ್ಕಳು ಗಾಳಿಯನ್ನೂ ಯಂತ್ರವನ್ನೂ ಈಗ ಒಂದೇ ಅಕ್ಷರಗಳಲ್ಲಿ ಬರೆಯುತ್ತಾರೆ.